ಖರ್ಚಾಗದ ಸಂಬಳ

2025ರ ಏಪ್ರಿಲ್. ಪರೀಕ್ಷೆ ಮುಗಿಸಿಕೊಂಡು ಬೆಂಗಳೂರಿನಿಂದ ಬಂದ ಮೊಮ್ಮಗ ಮೂರು ವಾರ ನಮ್ಮ ಮನೆಯ ಜಗಲಿ ಬಿಟ್ಟು ಕದಲಲಿಲ್ಲ. ತೊಡೆಯ ಮೇಲೆ ಲ್ಯಾಪ್‌ಟಾಪು, ಅದರ ಮೇಲೆ ನನ್ನ ಹಳೆಯ ಕರಿ ಕೊಡೆ. ಕೊಡೆಯ ಹಿಡಿಯನ್ನು ಜಗಲಿ ಕಂಬಕ್ಕೆ ಟವೆಲಿನಲ್ಲಿ ಬಿಗಿದಿದ್ದ. ಬಿಸಿಲಿಗೆ ಅಂದುಕೊಳ್ಳಬೇಡಿ. ಸೂರಿನ ಮೇಲೆ ಚಾಚಿಕೊಂಡಿರುವ ನಮ್ಮ ಹುಣಸೆಮರದಲ್ಲಿ ಆಗ ಹದಿನೇಳು ಗೂಡಿತ್ತು.

ನಮ್ಮೂರು ಕೊಕ್ಕರೆ ಬೆಳ್ಳೂರಿನಲ್ಲಿ ಆ ತಿಂಗಳು ಮರಮರದಲ್ಲೂ ಬಾಣಂತನ. ಶಿಂಷಾ ಕಡೆಗೋ ಸೂಳೆಕೆರೆ ಕಡೆಗೋ ಹೋದ ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿ, ಹೊಟ್ಟೆ ತುಂಬ ಮೀನು ನುಂಗಿಕೊಂಡು ಬಂದು ಕೂತರೆ ಮರಿ ತಾಯಿಯ ಗಂಟಲೊಳಕ್ಕೇ ತಲೆ ತೂರಿಸಿಬಿಡುತ್ತದೆ. ಹೊರಗಿನಿಂದ ನೋಡುವವರಿಗೆ ಯಾರು ಯಾರನ್ನು ನುಂಗುತ್ತಿದ್ದಾರೆ ಎಂದು ಗೊತ್ತಾಗುವುದಿಲ್ಲ. ಆ ನೂಕಾಟದಲ್ಲಿ ಆಗಾಗ ಒಂದು ಮೀನು ಜಾರಿ ಅಂಗಳಕ್ಕೆ ಬೀಳುತ್ತದೆ. ಹಿಕ್ಕೆಗಂತೂ ಹೊತ್ತುಗೊತ್ತಿಲ್ಲ. ಬಂದ ಮೊದಲ ದಿನವೇ ಹುಡುಗನ ಕೀಬೋರ್ಡಿನ ಮೇಲೆ ಒಂದು ಬಿದ್ದು, ನನ್ನ ಹೆಂಡತಿ ಅದನ್ನು ಹುಣಸೆಹಣ್ಣು ಹಾಕಿ ಉಜ್ಜಲು ಹೋದಳು. ಹಿತ್ತಾಳೆ ಚೊಂಬು ಬೆಳಗಿ ಅಭ್ಯಾಸದ ಕೈ. ಅಂದಿನಿಂದ ಕೊಡೆ ಬಂತು.

ಅವನು ಆಡುತ್ತಿದ್ದುದು ಫುಟ್‌ಬಾಲ್ ಮ್ಯಾನೇಜರ್ ಎಂಬ ಆಟ. ಅದರಲ್ಲಿ ಚೆಂಡು ಒದೆಯುವ ಕೆಲಸ ಇಲ್ಲ. ತಂಡ ಕಟ್ಟುವುದು, ಆಟಗಾರರನ್ನು ಕೊಳ್ಳುವುದು, ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವುದು, ಆಮೇಲೆ ಕೂತು ನೋಡುವುದು. ವರ್ಷಕ್ಕೊಂದು ಹೊಸದು ಬರುತ್ತದಂತೆ. ಆ ವರ್ಷದ್ದನ್ನು ಮಾತ್ರ ಕಂಪನಿ ಫೆಬ್ರುವರಿಯಲ್ಲಿ ಕೈಬಿಟ್ಟಿತ್ತು. ಹಾಗಾಗಿ ಹುಡುಗ ಹಿಂದಿನ ವರ್ಷದ್ದನ್ನೇ ಇಟ್ಟುಕೊಂಡು, ಬೆಂಗಳೂರು ಎಫ್‌ಸಿ ತಂಡವನ್ನು ನಡೆಸುತ್ತಿದ್ದ.

"ತಾತ, ನಂಗೆ ಸಂಬಳ ಜಾಸ್ತಿ ಮಾಡ್ತಾರಂತೆ," ಅಂದ ಒಂದು ದಿನ.

"ಎಷ್ಟ್ಲಾ?"

ವಾರಕ್ಕೆ ಇಷ್ಟು ಪೌಂಡು ಎಂದು ಏನೋ ಹೇಳಿದ. ವಾರದ ಲೆಕ್ಕ ನನಗೆ ಹತ್ತಲಿಲ್ಲ. ಅವನು ಎಲ್ಲೋ ಒತ್ತಿ ತಿಂಗಳ ಲೆಕ್ಕಕ್ಕೆ ತಿರುಗಿಸಿ ತೋರಿಸಿದ. ನಾನು 36 ವರ್ಷ ದುಡಿದು ನಿವೃತ್ತನಾದ ತಿಂಗಳು ತೆಗೆದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು.

"ಅಷ್ಟು ದುಡ್ಡು ತಗೊಂಡು ಏನ್ ಮಾಡೀಯೆ?"

"ಏನೂ ಮಾಡಕ್ಕಾಗಲ್ಲ ತಾತ. ಅದು ಬರೀ ನಂಬರ್."

ಈ ಮಾತು ನನ್ನ ತಲೆಯಲ್ಲಿ ಹೊಕ್ಕು ಕೂತಿತು. ಕಾರಣ ಇದೆ. ನಾನೂ ಒಂದು ಕಾಲಕ್ಕೆ ಫುಟ್‌ಬಾಲ್ ಮ್ಯಾನೇಜರ್ ಆಗಿದ್ದವನು.

ಬೆಂಗಳೂರಿನ ಒಂದು ಸಾರ್ವಜನಿಕ ಉದ್ದಿಮೆಯ ಕಾರ್ಖಾನೆಗೆ 1975ರಲ್ಲಿ ಸೇರಿದೆ. ಟೈಮ್ ಆಫೀಸಿನಲ್ಲಿ ಗುಮಾಸ್ತೆ. ಗೇಟಿನಲ್ಲಿ ಪಂಚ್ ಆದ ಕಾರ್ಡುಗಳನ್ನು ಎಣಿಸಿ, ತಡವಾಗಿ ಬಂದವರ ಅರ್ಧ ದಿನ ಕತ್ತರಿಸಿ, ತಿಂಗಳ ಕೊನೆಗೆ ಬಟವಾಡೆ ಪಟ್ಟಿಗೆ ಕೊಡುವ ಕೆಲಸ. ಚೆಂಡು ಕಂಡವನಲ್ಲ. ಮಂಡ್ಯ ಸೀಮೆಯ ಹುಡುಗರಿಗೆ ಕಬಡ್ಡಿ, ವಾಲಿಬಾಲ್ ಆದರೆ ಸರಿ. ಫುಟ್‌ಬಾಲ್ ಎಂಬುದು ಬೆಂಗಳೂರು ದಂಡಿನ ಕಡೆಯ ಆಟ. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆಯ ಹುಡುಗರ ಆಟ. ಬ್ರಿಟಿಷ್ ಸಿಪಾಯಿಗಳು ಆಡಿ ಬಿಟ್ಟ ಮೈದಾನಗಳಲ್ಲಿ ಅಲ್ಲಿಯ ಬಡಾವಣೆಗಳ ಮಕ್ಕಳು ಬರಿಗಾಲಲ್ಲಿ ಕಲಿತದ್ದು. ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ಇದೆ. ನಮ್ಮ ತಂಡದ ಹನ್ನೊಂದರಲ್ಲಿ ಎಂಟು ಜನ ಮೈದಾನದಲ್ಲಿ ತಮಿಳಿನಲ್ಲಿ ಕೂಗಾಡುವವರು, ನನ್ನ ಹತ್ತಿರ ಮಾತ್ರ ಕನ್ನಡದಲ್ಲಿ ಟಿ.ಎ. ಕೇಳುವವರು.

ನನ್ನನ್ನು ಮ್ಯಾನೇಜರ್ ಮಾಡಿದ್ದು 1983ರಲ್ಲಿ. ಅರ್ಹತೆ ಒಂದೇ: ವೋಚರ್ ಬರೆಯಲು ಬರುತ್ತಿತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ದೇಶದಲ್ಲಿ ಟೀಮ್ ಮ್ಯಾನೇಜರ್ ಅಂದರೆ ಕ್ಯಾಷ್ ಪೆಟ್ಟಿಗೆ ಹಿಡಿದವನು. ರೈಲಿನ ಕನ್ಸೆಷನ್ ಫಾರಂ ಬರೆಸಬೇಕು, ಲಾಡ್ಜು ನೋಡಬೇಕು, ಅರ್ಧ ಆಟದ ಹೊತ್ತಿಗೆ ಕಿತ್ತಳೆ ತೊಳೆ ಬಿಡಿಸಿ ತಟ್ಟೆಯಲ್ಲಿಡಬೇಕು. ಆಟ ಕಲಿಸುವವನು ಕೋಚ್. ಅವನ ಕೆಲಸಕ್ಕೂ ನನ್ನ ಕೆಲಸಕ್ಕೂ ಸಂಬಂಧವಿಲ್ಲ. ಇಂಗ್ಲೆಂಡಿನಲ್ಲಿ ಎರಡನ್ನೂ ಒಬ್ಬನೇ ಮಾಡುತ್ತಾ ಬಂದು, ಇಡೀ ಮನುಷ್ಯನಿಗೇ ಮ್ಯಾನೇಜರ್ ಎಂಬ ಹೆಸರು ನಿಂತಿತು. ಅಲ್ಲೂ ಮೊದಲು ಇದ್ದವನು ಕಾರ್ಯದರ್ಶಿ. ಲೆಕ್ಕ ಬರೆದು, ಪತ್ರ ಹಾಕಿ, ಬಿಡುವಿದ್ದರೆ ತಂಡ ಆರಿಸುವವನು. ಅಂದರೆ ಮೊಮ್ಮಗ ಆಡುವ ಆಟದ ದೊರೆಯ ಪೂರ್ವಜ ನನ್ನಂಥ ಗುಮಾಸ್ತೆಯೇ. ಇದನ್ನು ಹುಡುಗನಿಗೆ ಹೇಳಿದೆ. ಅವನು ನಂಬಲಿಲ್ಲ.

ಮ್ಯಾನೇಜರ್‌ಗಿರಿಗೆ ನನಗೆ ಸಂಬಳ? ಇಲ್ಲ. ಟೈಮ್ ಆಫೀಸಿನ ಸಂಬಳವೇ ಸಂಬಳ. ಊರು ಬಿಟ್ಟು ಹೋದ ದಿನಗಳಿಗೆ 12 ರೂಪಾಯಿ ಭತ್ಯೆ, ಅದೂ ಬಿಲ್ಲು ಪಾಸಾದ ಮೇಲೆ. ಒಮ್ಮೆ ಕೋಳಿಕೋಡಿನ ನಾಗ್ಜಿ ಟೂರ್ನಿಗೆ ಹೋಗಿ ಬಂದಾಗ ಆಡಿಟಿನವರು ಒಂದು ಆಕ್ಷೇಪಣೆ ಎತ್ತಿದರು: ಆಟಗಾರರು 16, ಬಾಳೆಹಣ್ಣು 50, ಮಿಕ್ಕ ಎರಡು ಯಾರು ತಿಂದರು? ತಲೆಗೆ ಮೂರರಂತೆ 48 ಸರಿ. ಅಲ್ಲಿ ಹಣ್ಣು ಡಜನ್ ಲೆಕ್ಕದಲ್ಲಿ ಕೊಡದೆ ಗೊನೆಯ ಚಿಪ್ಪಿನ ಲೆಕ್ಕದಲ್ಲಿ ಕೊಟ್ಟಿದ್ದರು ಎಂದು ಕಾಗದ ಬರೆದೆ. ಆ ಕಡತ ನಾಲ್ಕು ತಿಂಗಳು ಓಡಾಡಿತು. ಎರಡು ಬಾಳೆಹಣ್ಣಿನ ದುಡ್ಡು ನನ್ನ ಸಂಬಳದಲ್ಲಿ ಹಿಡಿದರು. ಸೆಮಿಫೈನಲ್ ಯಾರು ಸೋತರು ಗೆದ್ದರು ಎಂದು ಮಾತ್ರ ಆ ಕಡತದಲ್ಲಿ ಯಾರೂ ಕೇಳಿರಲಿಲ್ಲ.

ನಮ್ಮ ಕೋಚ್ ಸ್ಟೋರ್ಸ್ ವಿಭಾಗದವರು. ರಾಜ್ಯ ತಂಡಕ್ಕೆ ಆಡಿದ್ದವರು. ಆಡಿದ್ದಕ್ಕೇ ಕೆಲಸ ಸಿಕ್ಕಿದ್ದು. ಬೆಳಿಗ್ಗೆ ಆರಕ್ಕೆ ಮೈದಾನ, ಹತ್ತಕ್ಕೆ ಸ್ಟೋರ್ಸ್, ಮಧ್ಯಾಹ್ನ ಮೂರಕ್ಕೆ ಮತ್ತೆ ಮೈದಾನ. ನಟ್ಟು ಬೋಲ್ಟುಗಳ ಇಂಡೆಂಟ್ ಹಿಂದೆ ಅವರು ತಂಡದ ನಕ್ಷೆ ಬರೆಯುತ್ತಿದ್ದರು, ನಾಲ್ಕು, ಎರಡು, ನಾಲ್ಕು ಎಂದು ಚುಕ್ಕಿ ಇಟ್ಟು. ಗೆದ್ದ ತಿಂಗಳೂ ಅದೇ ಬಟವಾಡೆ, ಸೋತ ತಿಂಗಳೂ ಅದೇ. ಒಂದು ಸಲ ಲೀಗ್‌ನಲ್ಲಿ ತಂಡ ಕೆಳದರ್ಜೆಗೆ ಇಳಿಯಿತು. ಸ್ಪೋರ್ಟ್ಸ್ ಕೌನ್ಸಿಲ್ ಸಭೆ ಕೂಡಿ ಅವರನ್ನು ತೆಗೆದು ಬೇರೆಯವರನ್ನು ಹಾಕಿತು. ಮಾರನೆಯ ದಿನ ಅವರು ಸ್ಟೋರ್ಸ್‌ನಲ್ಲಿ ಪೂರ್ತಿ ಎಂಟು ಗಂಟೆ ಕೂತರು. ಸಂಬಳದಲ್ಲಿ ಒಂದು ಪೈಸೆ ಕಡಿಮೆಯಾಗಲಿಲ್ಲ. ಆದರೂ ಆ ಮನುಷ್ಯ ಆರು ತಿಂಗಳು ಮೈದಾನದ ಕಡೆಯ ಗೇಟಿನಿಂದ ಓಡಾಡಲಿಲ್ಲ. ಸುತ್ತಿಕೊಂಡು ಹಿಂದಿನ ಗೇಟಿಗೆ ಬಂದು ಕಾರ್ಡು ಪಂಚ್ ಮಾಡುತ್ತಿದ್ದರು. ನನಗೆ ಹೇಗೆ ಗೊತ್ತು ಅಂದರೆ, ಕಾರ್ಡಿನ ಮೇಲೆ ಗೇಟಿನ ನಂಬರು ಬೀಳುತ್ತಿತ್ತು.

ಬೆಂಗಳೂರಿನ ಫುಟ್‌ಬಾಲ್ ಬಹಳ ಕಾಲ ಬದುಕಿದ್ದು ಹೀಗೆ ಕಾರ್ಖಾನೆಗಳ ಬಟವಾಡೆ ಪಟ್ಟಿಯ ಮೇಲೆ. ಅದಕ್ಕೂ ಮುಂಚೆ ಕ್ಲಬ್ಬುಗಳಿದ್ದವು. ಬೆಂಗಳೂರು ಮುಸ್ಲಿಮ್ಸ್ 1937, 1938ರಲ್ಲಿ ಸತತವಾಗಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದುಕೊಂಡು ಬಂದಿದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ ಹೊಡೆದ ಒಂದೇ ಗೋಲು ಬೆಂಗಳೂರಿನ ರಾಮನ್ ಅವರ ಕಾಲಿನದು. ಆ ತಂಡದಲ್ಲಿ ಬಹುಪಾಲು ಬರಿಗಾಲಿನವರು. ಹಿಂದುಸ್ತಾನ್ ಏರ್‌ಕ್ರಾಫ್ಟ್ 1940ರಲ್ಲಿ, ಐಟಿಐ 1948ರಲ್ಲಿ, ಆಮೇಲೆ ಎಚ್‌ಎಂಟಿ, ಬಿಇಎಲ್, ಬಿಇಎಂಎಲ್ ಎಂದು ಕಾರ್ಖಾನೆಗಳು ಸಾಲಾಗಿ ಎದ್ದ ಮೇಲೆ ಒಳ್ಳೆಯ ಕಾಲಿನ ಹುಡುಗನಿಗೆ ಒಂದು ದಾರಿ ಸಿಕ್ಕಿತು. ಆಟ ಚೆನ್ನಾಗಿದ್ದರೆ ಹೆಲ್ಪರ್ ಕೆಲಸ, ರಾಜ್ಯಕ್ಕೆ ಆಡಿದರೆ ಒಂದು ಮೆಟ್ಟಿಲು ಮೇಲೆ. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು 1946–47, 1952–53, 1967–68, 1968–69ರಲ್ಲಿ ಗೆದ್ದಿತು. ಆಮೇಲೆ ಗೆಲ್ಲಲು 54 ವರ್ಷ ಬೇಕಾಯಿತು: 2023ರ ಮಾರ್ಚ್‌ನಲ್ಲಿ, ಅದೂ ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೇಘಾಲಯದ ಎದುರು 3–2. ಆ ರಾತ್ರಿ ನನ್ನ ಜೊತೆಯವರು ಫೋನಿನಲ್ಲಿ ಅತ್ತದ್ದನ್ನು ಕೇಳಿದ್ದೇನೆ. ಎಲ್ಲರೂ ಪಿಂಚಣಿದಾರರು.

ದೇಶದ ಅತ್ಯುತ್ತಮ ಕೋಚ್ ಎಂದು ಇವತ್ತಿಗೂ ಹೆಸರು ಹೇಳುವುದು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರದು. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ, ಎಲ್ಲ ಅವರ ಕೈಯಲ್ಲಿ ಬಂದದ್ದು. ವೃತ್ತಿಯಿಂದ ಅವರು ಶಾಲಾ ಮೇಷ್ಟ್ರು. ಮೊಮ್ಮಗನ ಆಟದಲ್ಲಿ ಇಂಥವರಿಗೆ ಜಾಗವೇ ಇಲ್ಲ. ಬೆಳಿಗ್ಗೆ ಹಾಜರಿ ಕೂಗಿ ಸಂಜೆ ತಂಡ ನಿಲ್ಲಿಸುವ ಮನುಷ್ಯನನ್ನು ಅದನ್ನು ಬರೆದವರು ಕಂಡಿರಲಿಕ್ಕಿಲ್ಲ.

ಬರೆದವರ ಕಥೆಯೂ ಸಣ್ಣದೇನಲ್ಲ. ಹುಡುಗ ಹೇಳಿದ್ದನ್ನೂ ನಾನು ಓದಿದ್ದನ್ನೂ ಸೇರಿಸಿದರೆ ಇಷ್ಟು. 1982ರಲ್ಲಿ ಕೆವಿನ್ ಟಾಮ್ಸ್ ಎಂಬ ಇಂಗ್ಲಿಷಿನವನೊಬ್ಬ ಮನೆಯ ಚಿಕ್ಕ ಕಂಪ್ಯೂಟರುಗಳಿಗೆ ಫುಟ್‌ಬಾಲ್ ಮ್ಯಾನೇಜರ್ ಎಂಬ ಆಟ ಮಾಡಿ ಮಾರಿದ; ಡಬ್ಬದ ಮೇಲೆ ತನ್ನದೇ ಗಡ್ಡದ ಮುಖ ಹಾಕಿಸಿಕೊಂಡಿದ್ದ. 1992ರಲ್ಲಿ ಪಾಲ್ ಮತ್ತು ಆಲಿವರ್ ಕಾಲಿಯರ್ ಎಂಬ ಅಣ್ಣತಮ್ಮಂದಿರು ಚಾಂಪಿಯನ್‌ಷಿಪ್ ಮ್ಯಾನೇಜರ್ ತಂದರು. ಮುಂದೆ ಪ್ರಕಾಶಕರಿಂದ ಬೇರೆಯಾಗಿ, ಹೆಸರನ್ನು ಅವರಿಗೆ ಬಿಟ್ಟುಕೊಟ್ಟು, 2004ರ ಕೊನೆಗೆ ಫುಟ್‌ಬಾಲ್ ಮ್ಯಾನೇಜರ್ ಎಂಬ ಹೆಸರಿನಲ್ಲೇ ಹೊರಟರು. ಹುಡುಗ ಕೊಡೆಯಡಿ ಕೂತು ಆಡುತ್ತಿದ್ದುದು ಇದೇ ವಂಶದ್ದು. ಜರ್ಮನಿಯಲ್ಲಿ ತಯಾರಾಗುತ್ತಿದ್ದ ಫಿಫಾ ಮ್ಯಾನೇಜರ್ ಎಂಬ ಇನ್ನೊಂದಿತ್ತಂತೆ. ಅದರಲ್ಲಿ ಮ್ಯಾನೇಜರ್‌ಗೆ ಮನೆವಾರ್ತೆಯೂ ಉಂಟು: ಸಂಬಳದಲ್ಲಿ ಕಾರು ಕೊಳ್ಳಬಹುದು, ಮನೆ ಕೊಳ್ಳಬಹುದು, ಮದುವೆಯಾಗಬಹುದು. ನನ್ನ ಹೆಂಡತಿಗೆ ಇದೇ ಹಿಡಿಸಿತು. ಆದರೆ ಆ ಸಾಲು 2013ಕ್ಕೆ ನಿಂತುಹೋಯಿತು. ಸಂಬಳ ಖರ್ಚು ಮಾಡಲು ಬಿಡುವ ಆಟ ನಿಂತಿತು, ಖರ್ಚಿಗೇ ಬಾರದ ಸಂಬಳದ ಆಟ ಉಳಿಯಿತು. ಆಡುವವರಿಗೆ ಕಾರು, ಮನೆ ಬೇಕಿರಲಿಲ್ಲವೋ ಏನೋ. ನನ್ನ ಮೊಮ್ಮಗನನ್ನು ಕೇಳಿದರೆ "ಬೋರು" ಅನ್ನುತ್ತಾನೆ.

ಹಾಗಾದರೆ ಆ ನಂಬರನ್ನು ಯಾಕೆ ಇಟ್ಟಿದ್ದಾರೆ? ಕ್ಲಬ್ಬು ಹೊಸ ಕರಾರು ಮುಂದಿಟ್ಟಾಗ ಹುಡುಗ ಒಪ್ಪಲಿಲ್ಲ. ಏರಿಸಿ ಕೇಳಿದ, ಅವರು ಇಳಿಸಿದರು, ಮತ್ತೆ ಏರಿಸಿದ. ಸಂತೆಯಲ್ಲಿ ಕುರಿ ಕೊಳ್ಳುವವರ ಹಾಗೆ ಅರ್ಧ ಗಂಟೆ.

"ಖರ್ಚು ಮಾಡಕ್ಕಾಗಲ್ಲ ಅಂದ್ಯಲ್ಲ, ಮತ್ತ್ಯಾಕ್ಲಾ ಚೌಕಾಸಿ?"

"ನಮ್ಮ ಟೀಮ್‌ನ ಎರಡನೇ ಗೋಲ್‌ಕೀಪರ್‌ಗೆ ನನಗಿಂತ ಜಾಸ್ತಿ ಅದೆ ತಾತ. ಅವನು ಒಂದು ಮ್ಯಾಚೂ ಆಡಿಲ್ಲ!"

ನಾನು ನಕ್ಕುಬಿಟ್ಟೆ. ಇದು ಟೈಮ್ ಆಫೀಸಿನ ಮಾತು. ಒಂದೇ ದಿನ ಕೆಲಸಕ್ಕೆ ಸೇರಿದ ಇಬ್ಬರು ಫಿಟ್ಟರುಗಳಿಗೆ ಒಂದು ಸಲ ಇನ್‌ಕ್ರಿಮೆಂಟಿನಲ್ಲಿ 4 ರೂಪಾಯಿ ವ್ಯತ್ಯಾಸ ಬಂದು, ಒಂದೇ ಬೆಂಚಿನಲ್ಲಿ ಕೂತು ಎರಡು ವರ್ಷ ಮಾತು ಬಿಟ್ಟಿದ್ದರು. 4 ರೂಪಾಯಿಗೆ ಅಂದು ಏನು ಬರುತ್ತಿತ್ತು ಎಂಬುದು ಇಬ್ಬರಿಗೂ ಬೇಕಿರಲಿಲ್ಲ. ಸಂಬಳದ ಚೀಟಿಯನ್ನು ಮನೆಗೆ ಒಯ್ಯುವ ಮುಂಚೆ ಪಕ್ಕದವನ ಚೀಟಿಗೆ ಹಿಡಿದು ನೋಡುವುದನ್ನು ಸಾವಿರಾರು ಸಲ ಕಂಡಿದ್ದೇನೆ.

ಇಂಗ್ಲೆಂಡಿನಲ್ಲೂ ಈ ಅಳತೆಯ ಜಗಳವೇ. ಅಲ್ಲಿ ಆಟಗಾರರು ಕಾರ್ಖಾನೆ, ಗಣಿಗಳ ಮಕ್ಕಳು. ಕೂಲಿಕಾರನಿಗೆ ವಾರದ ಬಟವಾಡೆ ಸಿಗುತ್ತಿತ್ತು, ಚೆಂಡಾಡುವವನಿಗೂ ಅದೇ ಪದ್ಧತಿ ಬಂತು. ಕೋಟಿಗಟ್ಟಲೆ ಎಣಿಸುವ ಈಗಿನ ಕಾಲದಲ್ಲೂ ಅಲ್ಲಿ ವಾರದ ಲೆಕ್ಕ ಹೋಗಿಲ್ಲ. 1901ರಲ್ಲಿ ಆಟಗಾರನಿಗೆ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡಬಾರದೆಂದು ಕಟ್ಟು ಹಾಕಿದರು. ಕಟ್ಟು ಏರುತ್ತಾ ಏರುತ್ತಾ 20 ಪೌಂಡಿಗೆ ಬಂದು 1961ರಲ್ಲಿ ಒಡೆಯಿತು. ಮ್ಯಾನೇಜರ್‌ಗೆ ಆ ಕಟ್ಟು ಇರಲಿಲ್ಲ. 1925ರಲ್ಲಿ ಆರ್ಸೆನಲ್ ಕ್ಲಬ್ಬು ಹರ್ಬರ್ಟ್ ಚಾಪ್‌ಮನ್ ಅವರನ್ನು ವರ್ಷಕ್ಕೆ 2,000 ಪೌಂಡಿಗೆ ಕರೆಸಿಕೊಂಡಿತು. ಆಗ ಆಟಗಾರನ ಮಿತಿ ವಾರಕ್ಕೆ 8 ಪೌಂಡು. ಲೆಕ್ಕ ಹಾಕಿದರೆ ತಂಡದ ಅತ್ಯುತ್ತಮ ಆಟಗಾರನ ಐದು ಪಟ್ಟು. ಚಾಪ್‌ಮನ್ ಕಾಲಕ್ಕೆ ಎರಡನೇ ಗೋಲ್‌ಕೀಪರ್ ಮ್ಯಾನೇಜರ್‌ಗಿಂತ ಹೆಚ್ಚು ಎಣಿಸುವುದೆಂದರೆ ಅವರ ಕ್ಲಬ್ಬಿನ ಡೈರೆಕ್ಟರುಗಳು ಕುರ್ಚಿಯಿಂದ ಬೀಳುತ್ತಿದ್ದರು. ಕೆಲಸ ಹೋದಾಗ ಸಿಗುವ ದುಡ್ಡೂ ಅಲ್ಲಿಯದೇ ಪದ್ಧತಿ. 1974ರಲ್ಲಿ ಬ್ರಯನ್ ಕ್ಲಫ್ ಲೀಡ್ಸ್ ಕ್ಲಬ್ಬಿನಲ್ಲಿ 44 ದಿನ ಇದ್ದು ಹೊರಬಿದ್ದರು. ಕರಾರಿನ ಲೆಕ್ಕ ಚುಕ್ತಾ ಮಾಡಿಸಿಕೊಂಡೇ ಹೋದರು. ನಮ್ಮ ಕೋಚ್‌ಗೆ ಸಿಕ್ಕಿದ್ದು ಸ್ಟೋರ್ಸ್‌ನ ಹಿಂದಿನ ಗೇಟು.

ಮೊಮ್ಮಗನ ಆಟದಲ್ಲಿ ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಬೇರೆ. ಮ್ಯಾನೇಜರ್ ಮೇಲಿನ ತರಬೇತಿ ಲೈಸೆನ್ಸ್ ಪಡೆಯಬೇಕಾದರೆ ಕೋರ್ಸಿಗೆ ಹೋಗಬೇಕು. ಆ ಕೋರ್ಸಿನ ಖರ್ಚನ್ನು ಕ್ಲಬ್ಬಿನ ಆಡಳಿತ ಮಂಡಳಿಯೇ ಕೊಡಬೇಕು. ಹುಡುಗ ಕೇಳಿದ, ಮಂಡಳಿ ದುಡ್ಡಿಲ್ಲ ಅಂದಿತು. ಎರಡು ವರ್ಷದ ಸಂಬಳ ಮುಟ್ಟದೆ ಹಾಗೇ ಇದೆ, ಅದರಲ್ಲಿ ಒಂದು ಮೂಲೆ ಕೊಟ್ಟರೂ ಕೋರ್ಸು ಆಗುತ್ತದೆ, ಆದರೆ ಸ್ವಂತ ದುಡ್ಡು ಹಾಕುವ ಗುಂಡಿ ಅವನಿಗೆ ಎಲ್ಲೂ ಸಿಗಲಿಲ್ಲ. ಹುಡುಗನಿಗೆ ಸಿಟ್ಟು ಬಂದು ಲ್ಯಾಪ್‌ಟಾಪು ಮುಚ್ಚಿ ಎದ್ದುಹೋದ.

ನನಗೆ ಮಾತ್ರ ಇದು ಪರಿಚಯದ ಊರು. ನಮ್ಮ ಕೋಚ್‌ಗೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಡಿಪ್ಲೊಮಾ ಮಾಡುವ ಆಸೆ. 1961ರಿಂದ ನಡೆಯುತ್ತಿರುವ ಸಂಸ್ಥೆ, ಅಲ್ಲಿಂದ ಎನ್‌ಐಎಸ್ ಎಂದು ಹೆಸರಿನ ಮುಂದೆ ಬಂದರೆ ಕೋಚ್‌ಗಳಲ್ಲಿ ಅದೊಂದು ಗತ್ತು. ಅರ್ಜಿ ಬರೆದವನು ನಾನೇ. ಆನ್ ಡ್ಯೂಟಿ ರಜೆ ಕೊಟ್ಟರೆ ಹೋಗಬಹುದು, ಇಲ್ಲದಿದ್ದರೆ ಸಂಬಳವಿಲ್ಲದ ರಜೆ. ಮೂರು ವರ್ಷ ಅರ್ಜಿ ಹಾಕಿದೆವು. ಮೂರನೆಯ ವರ್ಷ ಅವರು ಹೆಂಡತಿಯ ಎರಡೆಳೆ ಸರ ಅಡವಿಟ್ಟು, ಸಂಬಳವಿಲ್ಲದ ರಜೆಯ ಮೇಲೆ ಹೊರಟರು. ಸಿಟಿ ಸ್ಟೇಷನ್‌ನಲ್ಲಿ ರೈಲು ಹತ್ತಿಸಿದ್ದು ನಾನೇ. ಕಬ್ಬಿಣದ ಟ್ರಂಕು, ಒಂದು ಚೆಂಡು, ಚಟ್ನಿಪುಡಿ ಡಬ್ಬಿ. ಬಂದ ಮೇಲೆ ಸಂಬಳ ಏರಲಿಲ್ಲ, ದರ್ಜೆ ಬದಲಾಗಲಿಲ್ಲ. ಸ್ಟೋರ್ಸ್‌ನ ಮೇಜಿನ ಮೇಲಿನ ಹೆಸರಿನ ಹಲಗೆಯಲ್ಲಿ ಮಾತ್ರ ಎನ್‌ಐಎಸ್ ಎಂದು ಸೇರಿಸಿ ಬರೆಸಿದರು, ತಮ್ಮ ದುಡ್ಡಿನಲ್ಲೇ.

ಈಗ ನಮ್ಮ ಮರದ ವಿಷಯ. ಇದೂ ಸಂಬಳದ ಕಥೆಯೇ.

ಊರು ಮೊದಲು ಇದ್ದದ್ದು ಶಿಂಷಾ ದಂಡೆಗೆ ಒತ್ತಿಕೊಂಡು. 1916ರಲ್ಲಿ ಪ್ಲೇಗು ಬಿದ್ದು ಜನ ಊರು ಬಿಟ್ಟು ಈಗಿನ ಜಾಗಕ್ಕೆ ಬಂದರು, ಹಿಂದೆಯೇ ಹಕ್ಕಿಗಳೂ ಬಂದವು. ನಮ್ಮಪ್ಪ ಇದನ್ನು ಹೇಳುವಾಗ ನೆಂಟರು ಬಂದ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದ. ಆಗಿನಿಂದ ಅವು ಊರಿನ ಹೆಣ್ಣುಮಕ್ಕಳು, ಹೆರಿಗೆಗೆ ತವರಿಗೆ ಬರುವವು. ಬರುವುದೇನೋ ಸರಿ, ಆದರೆ ಹುಣಸೆ ಉದುರಿಸುವ ಕಾಲವೂ ಅದೇ. ಗೂಡು ಕಟ್ಟಿದ ಮರಕ್ಕೆ ಹತ್ತಿ ಕೊಂಬೆ ಬಡಿಯುವ ಹಾಗಿಲ್ಲ. ಮರದ ಮೇಲೇ ಫಸಲು ಕೊಳ್ಳುವ ಸಾಬರು ಗೂಡಿರುವ ಮರ ಕಂಡರೆ ಮುಂದಕ್ಕೆ ಹೋಗುತ್ತಿದ್ದರು. ಸಿಗುತ್ತಿದ್ದುದು ಗೊಬ್ಬರ: ಮರದಡಿ ಗುಂಡಿ ತೋಡಿ ಕೆರೆಗೋಡು ಹರವಿದರೆ ಹಿಕ್ಕೆ ಬಿದ್ದು ಬಿದ್ದು ಬೆರೆತು, ಮಳೆಗಾಲಕ್ಕೆ ಗದ್ದೆಗೆ ಹೊಡೆಯಲು ಅದಕ್ಕಿಂತ ಬೇರೆ ಬೇಕಿರಲಿಲ್ಲ.

1976ರಲ್ಲಿ ಅರಣ್ಯ ಇಲಾಖೆಯ ಎಸ್. ಜಿ. ನೇಗಿನಹಾಳ ಅವರು ಈ ಊರನ್ನು ಕಂಡು ಹೊರಗಿನವರಿಗೆ ಕಾಣಿಸಿದರು. ಮರದ ಯಜಮಾನರಿಗೆ ಪರಿಹಾರ ಎಂಬ ಏರ್ಪಾಡು ಆಮೇಲಿನದು. ಊರಿನಲ್ಲಿ ಅದಕ್ಕೆ ಮರದ ದುಡ್ಡು ಅನ್ನುತ್ತೇವೆ. ಹುಣಸೆಯ ಫಸಲಿಗೆ ಅದು ಯಾವತ್ತೂ ಸಮ ಬರಲಿಲ್ಲ. ಮೊದಲ ಸಲ ಆ ಸುದ್ದಿ ಬಂದಾಗ ನಾನು ಬೆಂಗಳೂರಿನಿಂದ ರಜೆಗೆ ಬಂದಿದ್ದೆ. ಅಪ್ಪ ಜಗಲಿಯ ಮೇಲೆ, ಇವತ್ತು ಮೊಮ್ಮಗ ಕೂರುವ ಜಾಗದಲ್ಲೇ ಕೂತು ರೇಗಾಡುತ್ತಿದ್ದ.

"ಮಗಳು ಹೆರಿಗೆಗೆ ಬಂದ್ರೆ ಅಳಿಯನ ತಾವ ಊಟದ ದುಡ್ಡು ಇಸ್ಕತ್ತಾರೇನ್ಲಾ?"

ಅವ್ವ ಒಳಗಿನಿಂದ ಅಂದಳು: "ಅಳಿಯ ತಾನಾಗೇ ಕೊಟ್ರೆ ಬ್ಯಾಡ ಅಂತಾರಾ? ಮಗೀಗೆ ಉಡ್ದಾರ ಆಯ್ತದೆ, ಇಸ್ಕೊಳ್ಳಿ."

ಅಪ್ಪ ಇಸಿದುಕೊಂಡ. ಮುಂದೆ ಪಕ್ಕದ ಮನೆಯವರ ಮರಕ್ಕೆ ಲೆಕ್ಕದಲ್ಲಿ ನಮ್ಮದಕ್ಕಿಂತ ಮೂರು ಗೂಡು ಹೆಚ್ಚು ಬರೆದಿದ್ದಾರೆಂದು ಗೊತ್ತಾದ ದಿನ, ಕತ್ತು ಎತ್ತಿಕೊಂಡು ಸಂಜೆವರೆಗೆ ತನ್ನ ಮರದ ಗೂಡು ಎಣಿಸಿದ. ದುಡ್ಡಿಗಾಗಿ ಎಣಿಸಿದ ಎಂದರೆ ನಾನು ಒಪ್ಪುವುದಿಲ್ಲ. ನಮ್ಮ ಮನೆಗೆ ಬಂದ ಹೆಣ್ಣುಮಕ್ಕಳನ್ನು ಕಡಿಮೆ ಬರೆದರೆ ಹೇಗೆ?

1994ರ ಸುಮಾರಿಗೆ ಮೈಸೂರಿನ ಕೆ. ಮನು ಅವರು ಬಂದು ಊರ ಹುಡುಗರನ್ನು ಸೇರಿಸಿ ಹೆಜ್ಜಾರ್ಲೆ ಬಳಗ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಮೀನು ತಿನ್ನಿಸಿ ಸಾಕಿದ ಹುಡುಗರಿಗೆ ಇದ್ದ ಸಂಬಳ ಅಷ್ಟಕ್ಕಷ್ಟೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ರುದ್ರಾಕ್ಷಿಪುರದ ತಿರುವಿನಲ್ಲಿ ಬೋರ್ಡು ಬಂತು, ಭಾನುವಾರ ಕಾರುಗಳು ಬಂದವು.

ನಾನು ನಿವೃತ್ತನಾಗಿ ಊರಿಗೆ ಬಂದದ್ದು 2011ರಲ್ಲಿ. ಬಂದ ಹೊಸದರಲ್ಲೇ ಬೆಂಗಳೂರಿನ ಫುಟ್‌ಬಾಲ್ ತಿರುವು ತೆಗೆದುಕೊಂಡಿತು. ಐ-ಲೀಗ್‌ನಲ್ಲಿ ಆಡುತ್ತಿದ್ದ ಎಚ್‌ಎಎಲ್ ತಂಡ 2011–12ರ ಸಾಲಿನಲ್ಲಿ ಕೆಳಗಿಳಿಯಿತು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಆಶ್ಲಿ ವೆಸ್ಟ್‌ವುಡ್ ಎಂಬ ಇಂಗ್ಲಿಷ್ ಕೋಚನ್ನು ಕರೆಸಿ, ಹುಟ್ಟಿದ ಮೊದಲ ಸಾಲಿನಲ್ಲೇ ಐ-ಲೀಗ್ ಗೆದ್ದುಬಿಟ್ಟಿತು. ಸ್ಟೋರ್ಸ್ ಇಲ್ಲ, ಪಂಚ್ ಕಾರ್ಡಿಲ್ಲ, ಆಟವೇ ಕೆಲಸ. ಆಲ್ಬರ್ಟ್ ರೋಕಾ 2016ರಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ವರೆಗೆ ಒಯ್ದರು. ಕಾರ್ಲೆಸ್ ಕ್ವಾಡ್ರಾಟ್ 2018–19ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದುಕೊಟ್ಟರು, 2021ರ ಜನವರಿಯಲ್ಲಿ ಹೊರಟೂ ಹೋದರು. ಆ ಬೆಳಿಗ್ಗೆ ಪೇಪರು ಹಿಡಿದುಕೊಂಡು ನಾನು ಮೊದಲು ಯೋಚಿಸಿದ್ದು ಅವರಿಗೆ ಹಿಂತಿರುಗಲು ಯಾವ ಸ್ಟೋರ್ಸ್ ಇದೆ ಎಂದು. ನಮ್ಮ ಕೋಚ್ ಅಂದು ಬದುಕಿದ್ದರೆ ಏನನ್ನುತ್ತಿದ್ದರೋ.

ಆಮೇಲೆ 2025ರ ಆಗಸ್ಟ್. ಹುಡುಗ ಶಾಲೆಗೆ ವಾಪಸಾಗಿ ಎರಡು ತಿಂಗಳಾಗಿತ್ತು. ಐಎಸ್‌ಎಲ್ ನಡೆಸುವ ಕಂಪನಿಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ 15 ವರ್ಷದ ಕರಾರು ಡಿಸೆಂಬರಿಗೆ ಮುಗಿಯುವುದಿತ್ತು, ಮುಂದಿನದು ಇತ್ಯರ್ಥವಾಗದೆ ಲೀಗೇ ನಿಂತಿತ್ತು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ಪ್ರಕಟಣೆ ಹೊರಡಿಸಿತು: ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ತಡೆಹಿಡಿಯಲಾಗಿದೆ. ಮೊಮ್ಮಗನಿಗೆ ಫೋನು ಮಾಡಿದೆ.

"ನಿನ್ನ ಕ್ಲಬ್ಬಿನೋರು ಸಂಬಳ ನಿಲ್ಸವ್ರಂತಲ್ಲಾ?"

"ಗೊತ್ತು ತಾತ. ಆದ್ರೆ ನನ್ನ ಸೇವ್‌ನಲ್ಲಿ ಬರ್ತಾನೇ ಅದೆ."

ಅವನ ಆಟದೊಳಗೆ ಆಗ 2029 ನಡೆಯುತ್ತಿತ್ತಂತೆ. ತಂಡ ಏಷ್ಯಾದಲ್ಲಿ ಆಡುತ್ತಿದೆ, ಎರಡನೇ ಗೋಲ್‌ಕೀಪರನ್ನು ಮಾರಿ ಆಯಿತು, ಪ್ರತಿ ತಿಂಗಳು ಸಂಬಳ ಬೀಳುತ್ತಿದೆ. ನಾನು ಏನೂ ಅನ್ನಲಿಲ್ಲ. ಕಂಠೀರವದ ಡ್ರೆಸ್ಸಿಂಗ್ ರೂಮಿನಲ್ಲಿ ಬೂಟು ಒರೆಸಿಕೊಂಡು, ಬಟ್ಟೆ ಒಗೆಸಿಕೊಂಡು ಇರುವವನೊಬ್ಬ ಇರುತ್ತಾನಲ್ಲ, ಅವನ ತಿಂಗಳ ರೇಷನ್ ಲೆಕ್ಕ ಮನಸ್ಸಿಗೆ ಬಂತು. 36 ವರ್ಷದ ಅಭ್ಯಾಸ, ಬಟವಾಡೆ ತಪ್ಪಿತು ಅಂದರೆ ಮೊದಲು ಕಣ್ಣಿಗೆ ಬರುವುದು ಪಟ್ಟಿಯ ಕೊನೆಯ ಹೆಸರು.

ಮೊನ್ನೆ, ಚಳಿ ಶುರುವಾದ ಮೇಲೆ, ರಾತ್ರಿ ಹತ್ತರ ಹೊತ್ತಿಗೆ ಫೋನು ಬಂತು. ಆ ವಾರವೇ ಮೊದಲ ಹೆಜ್ಜಾರ್ಲೆಗಳು ಬಂದು ಮರದ ತುದಿಯಲ್ಲಿ ಹಳೇ ಗೂಡಿನ ಕಡ್ಡಿ ಎಳೆದಾಡುತ್ತಿದ್ದವು. ಹೊತ್ತಲ್ಲದ ಹೊತ್ತಿನ ಫೋನೆಂದರೆ ನನಗೂ ಎದೆ ಡವಡವ.

"ತಾತ, ನನ್ನ ಕೆಲಸ ಹೋಯ್ತು."

ಹುಡುಗನಿಗೆ ಹದಿನಾರು ವರ್ಷ. ಯಾವ ಕೆಲಸ ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು. ಸತತ ಏಳು ಪಂದ್ಯ ಸೋತಿದ್ದನಂತೆ, ಮಂಡಳಿ ಸಭೆ ಕರೆದು ತೆಗೆದುಹಾಕಿತಂತೆ. ಗಂಟಲು ಕಟ್ಟಿತ್ತು. ನಾಳೆ ಬೇರೆ ಕ್ಲಬ್ಬು ಕರೀತದೆ ಬುಡ್ಲಾ, ಚಾಪ್‌ಮನ್‌ನೂ ಕ್ಲಬ್ಬು ಬಿಟ್ಟು ಕ್ಲಬ್ಬು ತಿರುಗಿದೋನೇ ಎಂದು ಏನೇನೋ ಸಮಾಧಾನ ಹೇಳುತ್ತಿದ್ದೆ.

ಒಳಗೆ ಹಾಸಿಗೆ ಹಾಸುತ್ತಿದ್ದ ನನ್ನ ಹೆಂಡತಿಗೆ ಅರ್ಧ ಮಾತು ಕೇಳಿಸಿತ್ತು. ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದು ನಿಂತಳು.

"ಬಾಕಿ ಸಂಬಳ ಕೊಟ್ಟವ್ರಾ ಕೇಳಿ ಅವುನ್ನ."